ಬಟ್ಟೆ ಬೇಕಾದರೆ ಆ ಮನೆಗೆ ಬನ್ನಿ

ನನ್ನ ದೊಡ್ಡಮ್ಮನಷ್ಟು ಸಲೀಸಾಗಿ ಸುಳ್ಳು ಹೇಳುವ ಟೈಲರ್ ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. "ನಾಳೆ ಬನ್ನಿ, ಒಂದೇ ಒಂದು ಗುಂಡಿ ಬಾಕಿ" ಎಂದಳೆಂದರೆ ಆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ ಎಂದು ಅರ್ಥ. ಅಂಥವಳು ಒಮ್ಮೆ, ಒಂದೇ ಒಂದು ಸಲ, ಹೇಳಿದ ದಿನಕ್ಕೆ ಸರಿಯಾಗಿ ಇನ್ನೂರಹನ್ನೆರಡು ಸ್ಕೂಲ್ ಯೂನಿಫಾರ್ಮ್ ಹೊಲಿದು, ಇಸ್ತ್ರಿ ಮಾಡಿ, ಕಟ್ಟಿಟ್ಟಳು. ಆ ಶನಿವಾರ ಏನಾಯಿತು ಎಂಬುದನ್ನು ನಾನು ಕಾಲೇಜಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ಯಾರೂ ನಂಬುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಎರಡು ಮೆಷಿನ್, ಒಂದು ಉದ್ದನೆಯ ಟೇಬಲ್, ನಿಲ್ಲಲು ಜಾಗ ಬೇಕಾದರೆ ಒಬ್ಬರು ಉಸಿರು ಒಳಗೆಳೆದುಕೊಳ್ಳಬೇಕು. ಮೆಷಿನ್ ದೊಡ್ಡಮ್ಮನದು, ಟೇಬಲ್ ದೊಡ್ಡಪ್ಪನದು. ಅವನನ್ನು ಎಲ್ಲರೂ ಕರೆಯುವುದು ಕಟಿಂಗ್ ಮಾಸ್ಟರ್ ಎಂದೇ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಕೈಯಲ್ಲಿ ಸೀಮೆಸುಣ್ಣ ಹಿಡಿದಿದ್ದವನು ಹಾಗೇ ಟೇಬಲ್ ಮೇಲೆ ವಾಲಿದ. ಸ್ಟ್ರೋಕ್. ಬಲಗೈ, ಬಲಗಾಲು ಎರಡೂ ಮುಷ್ಕರ ಹೂಡಿದವು.

ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು: ದಿನಾ ಕಸರತ್ತು ಮಾಡಿಸಿದರೆ ಕೈ ಬಂದರೂ ಬಂದೀತು, ಇಲ್ಲದಿದ್ದರೆ ಮುಷ್ಟಿ ಹಾಗೇ ಗಟ್ಟಿಯಾಗಿಬಿಡುತ್ತದೆ. ಆದರೆ ಕಸರತ್ತು ಮಾಡಿಸುವ ಆಸ್ಪತ್ರೆ ಇರುವುದು ಎರಡು ಬಸ್ಸಿನಾಚೆ. ಮನೆ ಇರುವುದು ಅಂಗಡಿಯ ಮೇಲಿನ ಮಹಡಿಯಲ್ಲಿ, ಹತ್ತೊಂಬತ್ತು ಮೆಟ್ಟಿಲು. ಅಂಗಡಿ ಮುಚ್ಚಿ, ಗಂಡನನ್ನು ಬೆನ್ನಿಗೆ ಆನಿಸಿಕೊಂಡು ಇಳಿಸಿ, ಬಸ್ ಹತ್ತಿಸಿ... ವಾರಕ್ಕೊಂದು ಸಲ ಆದರೆ ಹೆಚ್ಚು. ಆ ಮುಷ್ಟಿ ವಾರವಾರವೂ ಇನ್ನಷ್ಟು ಬಿಗಿಯಾಗುತ್ತಿತ್ತು. ದೊಡ್ಡಪ್ಪ ಮಾತ್ರ ಓರೆಬಾಯಲ್ಲೇ ನಗುತ್ತಿದ್ದ. "ನಿಮ್ಮ ದೊಡ್ಡಮ್ಮಂಗೆ ಗುದ್ದೋಕೇಂತ ಮುಷ್ಟಿ ರೆಡಿ ಇಟ್ಕೊಂಡಿದೀನಿ."

"ಗುದ್ದು ನೋಡೋಣ, ಅಷ್ಟಾದ್ರೂ ಕೈ ಎತ್ತಿದ ಹಾಗಾಗುತ್ತೆ" ಎನ್ನುತ್ತಿದ್ದಳು ಅವಳು.

ಇನ್ನು ಆ ಮನೆ. ಬೀದಿಯ ಕೊನೆಯಲ್ಲಿ, ಮೂರು ಮಹಡಿ, ಕಬ್ಬಿಣದ ಎತ್ತರದ ಗೇಟು. ಅದರ ಯಜಮಾನನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, "ಅವರು" ಎಂದರೆ ಸಾಕಿತ್ತು. ಅಂಗಡಿ ತೆರೆಯಬೇಕಾದರೆ, ಮನೆ ಮಾರಬೇಕಾದರೆ, ಎಲ್ಲಕ್ಕೂ "ಅವರ" ಅಪ್ಪಣೆ ಬೇಕಿತ್ತು. ಕೊನೆಗೆ ಕೋರ್ಟು ಅವರನ್ನು ಜೈಲಿಗೆ ಹಾಕಿ, ಮನೆಯನ್ನು ಸರ್ಕಾರಕ್ಕೆ ವಹಿಸಿತು. ಏಳು ವರ್ಷ ಸೀಲ್ ಬಿದ್ದೇ ಇತ್ತು. ಆದರೂ ಜನ ಆ ಗೇಟಿನ ಹತ್ತಿರ ಬಂದಾಗ ಎದುರಿನ ಫುಟ್‌ಪಾತಿಗೆ ದಾಟಿ ನಡೆಯುತ್ತಿದ್ದರು. ನಾನೂ ದಾಟುತ್ತಿದ್ದೆ, ಯಾಕೆಂದು ಯೋಚಿಸದೆಯೇ!

ಅಂಥ ಮನೆಗಳನ್ನು ಜನರ ಉಪಯೋಗಕ್ಕೆ ಬಿಡಿಸಿಕೊಳ್ಳಲು ಹೋರಾಡುವ ಒಂದು ಸಂಘವಿದೆ. ಅದನ್ನು ನಡೆಸುವವರು ನಿವೃತ್ತ ಗಣಿತದ ಟೀಚರ್. ಒಂದು ದಿನ ಅವರು ಫಾರ್ಮ್ ಹಿಡಿದುಕೊಂಡು ದೊಡ್ಡಮ್ಮನ ಅಂಗಡಿಗೆ ಬಂದರು. ಬೀದಿಯವರು ಕೇಳಿದರೆ ಆ ಮನೆಯನ್ನು ಸ್ಟ್ರೋಕ್ ಆದವರಿಗೆ ದಿನಾ ಕಸರತ್ತು ಮಾಡಿಸುವ ಡೇ ಸೆಂಟರ್ ಮಾಡಬಹುದು, ಕೇಳದಿದ್ದರೆ ಹರಾಜಿಗೆ ಹೋಗುತ್ತದೆ ಎಂದರು.

"ಹರಾಜಲ್ಲಿ ತಗೊಳ್ಳೋರು ಯಾರು?" ದೊಡ್ಡಮ್ಮ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಕೇಳಿದಳು.

"ಅವರ ಗೋಡೌನ್ ಹರಾಜಾದಾಗ ತಗೊಂಡಿದ್ದು ಅವರ ಭಾವಮೈದನೇ. ಬೇರೆ ಯಾರೂ ಕೈಯೆತ್ತಲಿಲ್ಲ."

"ಅಂದ್ರೆ ಈ ಕೈಯಿಂದ ಕಿತ್ಕೊಂಡು ಆ ಕೈಗೆ ಕೊಟ್ಟಂಗೆ." ಅವಳು ಒಂದೊಂದೇ ಪಿನ್ನು ತೆಗೆದಿಟ್ಟಳು. "ಟೀಚರ್, ಆ ಮನೇಲಿ ಲಿಫ್ಟ್ ಇದೆ ಅಲ್ವಾ?"

"ಇದೆ."

ಅವಳು ಅಲ್ಲೇ ಸಂಘ ಸೇರಿದಳು.

ನಿಯಮ ಸರಳವಾಗಿತ್ತು, ಅದಕ್ಕೇ ಭಯಂಕರವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸರ್ಕಾರಿ ಅಧಿಕಾರಿ ಆ ಮನೆಯ ಹಾಲಿನಲ್ಲೇ ಕೂರುತ್ತಾರೆ. ಬೀದಿಯ ಐವತ್ತು ಜನ ಒಳಗೆ ಬಂದು, ಅವರ ಕಣ್ಣೆದುರೇ ಸಹಿ ಹಾಕಬೇಕು. ಒಬ್ಬರು ಕಡಿಮೆಯಾದರೂ ಹರಾಜು. ನಾಲ್ಕು ತಿಂಗಳು ಟೀಚರ್ ಮತ್ತು ದೊಡ್ಡಮ್ಮ ಮನೆಮನೆ ಸುತ್ತಿದರು. ಎಲ್ಲರೂ "ಒಳ್ಳೇ ಕೆಲಸ, ಮಾಡಿ ಮಾಡಿ" ಎನ್ನುವವರೇ. ಬರ್ತೀರಾ ಎಂದರೆ "ನೋಡೋಣ." ಸಂಘ ಕರೆದ ಮೀಟಿಂಗಿಗೆ ಬಂದವರು ಆರು ಜನ, ಅದರಲ್ಲಿ ಇಬ್ಬರು ಮಳೆ ಬಂತೆಂದು ಒಳಗೆ ನಿಂತವರು. ಬೆಕ್ಕಿಗೆ ಗಂಟೆ ಕಟ್ಟಬೇಕೆಂದು ಎಲ್ಲ ಇಲಿಗಳೂ ಒಪ್ಪಿದ್ದವು.

ಮರುದಿನ ಅಂಗಡಿಯ ಮೇಲೆ ಒಂದು ರಟ್ಟು ನೇತಾಡುತ್ತಿತ್ತು. "ಶನಿವಾರ ಅಂಗಡಿ ಇಲ್ಲ. ಬಟ್ಟೆ ಬೇಕಾದರೆ ಆ ಮನೆಗೆ ಬನ್ನಿ."

ಸೋಮವಾರ ಸ್ಕೂಲು ಶುರು! ಬೀದಿಯ ಅಷ್ಟೂ ಮಕ್ಕಳ ಯೂನಿಫಾರ್ಮ್ ಇವಳ ಹತ್ತಿರ! ನಾನು ರಟ್ಟನ್ನು ಮೂರು ಸಲ ಓದಿದೆ. ಟೀಚರ್ ಓಡಿಬಂದರು. "ಇದು ಬ್ಲ್ಯಾಕ್‌ಮೇಲ್ ಅಲ್ವೇನ್ರೀ?"

"ಬ್ಲ್ಯಾಕ್‌ಮೇಲ್ ಯಾಕಾಗುತ್ತೆ? ಡೆಲಿವರಿ, ಟೀಚರ್."

ಶನಿವಾರ ಸೀಲ್ ಒಡೆದರು. ನಾನು ಒಂದು ಮೂಟೆ ಹೊತ್ತು, ಇನ್ನೊಂದು ಹೊತ್ತಿದ್ದ ದೊಡ್ಡಮ್ಮನ ಹಿಂದೆ ಒಳಗೆ ಕಾಲಿಟ್ಟೆ, ಅಲ್ಲೇ ನಿಂತುಬಿಟ್ಟೆ. ಧೂಳಿನ ಕೆಳಗೆ ನೆಲ ಕನ್ನಡಿಯ ಹಾಗೆ. ಬಟ್ಟೆ ಸುತ್ತಿ ನೇತುಹಾಕಿದ್ದ ದೀಪ ಒಂದು ಕಾರಿನಷ್ಟು ದೊಡ್ಡದು. ಒಂದು ಬಾಗಿಲು ತೆರೆದರೆ ಬಚ್ಚಲು, ದೊಡ್ಡಮ್ಮನ ಮನೆ ಪೂರ್ತಿ ಅದರಲ್ಲಿ ಕೂತು ಇನ್ನೂ ಜಾಗ ಮಿಗುತ್ತಿತ್ತು. ಇಷ್ಟು ವರ್ಷ ನಮ್ಮ ಬೀದಿಯಲ್ಲೇ ಇತ್ತಲ್ಲ ಇದು! ದೊಡ್ಡಮ್ಮ ಮೇಲೆ ನೋಡಲೇ ಇಲ್ಲ. ಮೂಟೆ ಇಳಿಸಿ, ನೇರ ಲಿಫ್ಟಿನ ಬಾಗಿಲಿಗೆ ಹೋಗಿ ತನ್ನ ಟೇಪಿನಿಂದ ಅಗಲ ಅಳೆದಳು. "ವೀಲ್‌ಚೇರ್ ಹಿಡಿಯುತ್ತೆ" ಎಂದವಳು ಮೆಷಿನ್ ಇಡಿಸಿ ಕೂತಳು.

ಹತ್ತೂವರೆಗೆ ಗೇಟಿನಾಚೆ ಗುಂಪು. "ಇಲ್ಲೇ ತಂದ್ಕೊಡ್ರೀ!"

"ಮಂಡಿ ನೋವಮ್ಮಾ, ನೀವೇ ಬನ್ನಿ!" ದೊಡ್ಡಮ್ಮ ಕೂತಲ್ಲಿಂದಲೇ ಕೂಗಿದಳು.

"ಬೆಳಿಗ್ಗೆ ಮೂಟೆ ಹೊತ್ಕೊಂಡು ಹೋಗುವಾಗ ಇರ್ಲಿಲ್ವಾ ಮಂಡಿ?"

"ಮಂಡಿ ಇತ್ತು, ನೋವು ಆಮೇಲೆ ಬಂತು!"

ಮೊದಲು ಒಳಗೆ ಬಂದವಳು ಅವಳಿ ಮಕ್ಕಳ ತಾಯಿ, ಬೈಯುತ್ತಲೇ ಬಂದಳು. ಹಾಲಿಗೆ ಬಂದದ್ದೇ ಬೈಗುಳ ಅರ್ಧಕ್ಕೆ ನಿಂತಿತು, ಬಾಯಿ ಮಾತ್ರ ತೆರೆದೇ ಇತ್ತು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರೂ ಚಪ್ಪಲಿ ಸದ್ದಾಗದಂತೆ ನಡೆಯುತ್ತಿದ್ದರು.

ಟೀಚರ್ ದೊಡ್ಡಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು. "ಮೊದ್ಲು ಸಹಿ ಹಾಕಿಸಿ, ಆಮೇಲೆ ಬಟ್ಟೆ ಕೊಡಿ."

"ಬೇಡ ಟೀಚರ್. ಬಟ್ಟೆ ಕೈಗೆ ಸಿಕ್ಕಮೇಲೂ ನಿಂತ್ರೆ ಅದು ಅವ್ರ ಮನಸ್ಸು. ತಡೆದಿಟ್ಕೊಂಡು ಸಹಿ ಹಾಕಿಸೋ ಕೆಲ್ಸ ಈ ಮನೇಲಿ ಬೇಕಾದಷ್ಟು ಆಗಿದೆ."

ಮೂಟೆ ಕರಗುತ್ತಾ ಬಂತು. ಕೆಲವರು ಪೊಟ್ಟಣ ಕಂಕುಳಲ್ಲಿ ಇರುಕಿಕೊಂಡು ಹೊರಟೇಹೋದರು, ದೊಡ್ಡಮ್ಮ ಯಾರನ್ನೂ ಕರೆಯಲಿಲ್ಲ. ಹನ್ನೊಂದೂವರೆಗೆ ಸಹಿ ಒಂಬತ್ತು.

ಆಗ ಬೈಕಿನ ಸದ್ದು ಕೇಳಿತು. ಭಾವಮೈದನ ಬಲಗೈ ಬಂಟ, ಬೀದಿಯವರು ಅವನ ಬೈಕಿನಿಂದಲೇ ಬುಲೆಟ್ ಎಂದು ಕರೆಯುವವನು, ಗೇಟಿಗೆ ಅಡ್ಡ ನಿಂತ. ಫೋನು ಎತ್ತಿ ಒಳಗಿದ್ದ ಒಬ್ಬೊಬ್ಬರ ಮುಖವನ್ನೂ ವಿಡಿಯೊ ಮಾಡತೊಡಗಿದ. ಅವಳಿ ಮಕ್ಕಳ ತಾಯಿ ಸಹಿಗೆಂದು ಎತ್ತಿದ್ದ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟಳು. ಅಧಿಕಾರಿ ತಲೆ ತಗ್ಗಿಸಿ ರಿಜಿಸ್ಟರನ್ನೇ ನೋಡುತ್ತ ಕೂತರು.

ದೊಡ್ಡಮ್ಮ ಎದ್ದಳು. ಮೂಟೆಯ ತಳಕ್ಕೆ ಕೈ ಹಾಕಿ ಒಂದು ಪ್ಯಾಂಟು ಎಳೆದಳು, ಅದನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಗೇಟಿಗೆ ನಡೆದಳು. ಎಲ್ಲರಿಗೂ ಕಾಣುವಂತೆ!

"ಒಳ್ಳೇ ಟೈಮಿಗೆ ಬಂದೆ ನೋಡಪ್ಪಾ, ನಿಂದೂ ರೆಡಿ ಇದೆ. ಸೊಂಟ ಎರಡಿಂಚು ಬಿಡಿಸಿದೀನಿ. ಇನ್ನು ಬಿಡಿಸೋಕೆ ಒಳಗೆ ಬಟ್ಟೆ ಇಲ್ಲ. ನೀನೇ ಸ್ವಲ್ಪ ಕಮ್ಮಿ ಆಗ್ಬೇಕು."

ಗುಂಪಿನ ಹಿಂದಿನಿಂದ ಒಬ್ಬ ಅಜ್ಜಿ, "ಇವ್ನು ನಾಲ್ಕನೇ ಕ್ಲಾಸಲ್ಲೂ ಚಡ್ಡಿ ಹಿಡ್ಕೊಂಡೇ ಓಡ್ತಿದ್ದ, ಆಗ ಸಡಿಲ ಇತ್ತು" ಎಂದಳು.

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಆ ಎತ್ತರದ ಹಾಲಿನಲ್ಲಿ ಅದು ಗುಂಯ್ ಎಂದು ಸುತ್ತಿತು. ಬುಲೆಟ್‌ನ ಕಿವಿ ಕೆಂಪಾಯಿತು. ದೊಡ್ಡಮ್ಮ ಪ್ಯಾಂಟು ಮುಂದೆ ಚಾಚಿಯೇ ಇದ್ದಳು, ತೆಗೆದುಕೊಳ್ಳದಿದ್ದರೆ ಅಲ್ಲೇ ಹಿಡಿದು ನಿಂತಿರುತ್ತಾಳೆಂದು ಅವನಿಗೂ ಗೊತ್ತಿತ್ತು. ಅವನು ಫೋನನ್ನು ಜೇಬಿಗಿಟ್ಟ. ಪ್ಯಾಂಟು ಇಸಕೊಂಡ. "ಬರ್ತೀನಕ್ಕಾ" ಎಂದು ಗೊಣಗಿ ಬೈಕ್ ಹತ್ತಿದ. ಅಕ್ಕಾ!

ದೊಡ್ಡಮ್ಮ ಮರಳಿ ಮೆಷಿನ್ನಿಗೆ ಬಂದು ಕೂತು ಸೂಜಿಗೆ ದಾರ ಪೋಣಿಸಹೊರಟಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು, ಆಗಲಿಲ್ಲ. ನಾನು ದಾರ ಇಸಕೊಂಡು ಪೋಣಿಸಿಕೊಟ್ಟೆ. "ಯಾರಿಗೂ ಹೇಳ್ಬೇಡ" ಎಂದಳು.

ಅವಳಿ ಮಕ್ಕಳ ತಾಯಿ ಪೆನ್ನು ಎತ್ತಿ ಸಹಿ ಹಾಕಿದಳು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಮನೆಗೆ ಹೋಗಿದ್ದ ಕೆಲವರು ಗಂಡಂದಿರನ್ನು ಕರೆದುಕೊಂಡು ತಿರುಗಿ ಬಂದರು, ಪೊಟ್ಟಣ ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ! ಒಂದು ಗಂಟೆಗೆ ರಿಜಿಸ್ಟರ್ ಮುಚ್ಚಿದಾಗ ಎಪ್ಪತ್ತಮೂರು ಸಹಿ. ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. "ಹನ್ನೊಂದು ಮನೇಲಿ ಹೀಗೆ ಕೂತಿದೀನಮ್ಮಾ. ಹತ್ತರಲ್ಲಿ ನಾನು, ನನ್ನ ಕುರ್ಚಿ, ಇಬ್ರೇ."

ಆದೇಶ ಬರಲು ಐದು ತಿಂಗಳು, ರಿಪೇರಿಗೆ ಇನ್ನೆರಡು. ಸೆಂಟರ್ ತೆರೆದ ಮೊದಲ ದಿನ ದೊಡ್ಡಪ್ಪನನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಹೋದೆವು. ಎದುರಿನ ಫುಟ್‌ಪಾತಿನಲ್ಲಲ್ಲ, ಗೇಟಿನ ಕಡೆಯಲ್ಲೇ. ಎರಡನೇ ಮಹಡಿಯಲ್ಲಿ ಥೆರಪಿಸ್ಟ್ ಅವನ ಮುಷ್ಟಿಯನ್ನು ತನ್ನ ಕೈಯಲ್ಲಿ ಹಿಡಿದು ಕಿರುಬೆರಳಿನಿಂದ ಒಂದೊಂದಾಗಿ ಬಿಡಿಸತೊಡಗಿದಳು. ನೋವಿಗೆ ಅವನ ಕಣ್ಣಲ್ಲಿ ನೀರಿತ್ತು. ಆದರೆ ದೃಷ್ಟಿ ಕಿಟಕಿಯ ಮೇಲೆ, "ಅವರ" ಕಾಲದ ರೇಷ್ಮೆ ಪರದೆಯ ಮೇಲೆ ನೆಟ್ಟಿತ್ತು.

"ಎಡಗಡೆ ಅರ್ಧ ಇಂಚು ಗಿಡ್ಡ" ಎಂದ ತೊದಲುತ್ತಾ. "ಊರನ್ನೇ ಹೆದರಿಸಿದ್ನಲ್ಲ, ಒಬ್ಬ ಟೈಲರನ್ನ ಹೆದರಿಸೋಕೆ ಆಗ್ಲಿಲ್ವಾ ಇವ್ನಿಗೆ?"

"ಮಾಸ್ಟ್ರೇ, ಪರದೆ ಆಮೇಲೆ" ಎಂದಳು ಥೆರಪಿಸ್ಟ್. "ಈಗ ಮುಂದಿನ ಬೆರಳು."