ಬೀಗದ ಮಾವ ಮಾರದ ಚಿಲಕ

ಬೀಗದ ಮಾವನ ಹತ್ತಿರ ವ್ಯಾಪಾರ ಅಂದರೆ ತಲೆನೋವು. ಬೀಗ ಕೊಡಿ ಅಂದರೆ ಕೊಡುವುದಿಲ್ಲ, ಮೊದಲು ಬಾಗಿಲು ತೋರಿಸು ಅನ್ನುತ್ತಾರೆ. "ಬಾಗಿಲು ನೋಡದೆ ಬೀಗ ಕೊಡೋದು, ಕಾಲು ನೋಡದೆ ಚಪ್ಪಲಿ ಕೊಟ್ಟ ಹಾಗೆ" ಎಂಬುದು ಅವರ ವಾದ. ಅವರ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ, ಹಾಗಾಗಿ ಈ ವಾದ ನನಗೆ ಬಾಯಿಪಾಠ. ಗಿರಾಕಿಗಳು ಗೊಣಗುತ್ತಲೇ ಕರೆದುಕೊಂಡು ಹೋಗುತ್ತಾರೆ. ಆಮೇಲೆ ಇನ್ನೆಲ್ಲೂ ಬೀಗ ಕೊಳ್ಳುವುದಿಲ್ಲ.

ಒಂದು ಬೆಳಿಗ್ಗೆ, ನಮ್ಮ ಅಂಗಡಿಗಳ ಹಿಂದಿನ ಬಾಡಿಗೆ ಮನೆಗಳ ಸಾಲಿಗೆ ಹೊಸದಾಗಿ ಬಂದಿದ್ದ ಹೆಂಗಸು ಚಿಲಕ ಕೇಳಿಕೊಂಡು ಬಂದಳು. ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಒಳಗಿನ ಕೋಣೆಗೆ, ಹೊರಗಡೆಯಿಂದ ಹಾಕುವಂಥ ಚಿಲಕ ಬೇಕಂತೆ. ಮಾವ ಕೈಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ಕೋಣೆಯಲ್ಲಿ ಒಂದು ಚಾಪೆ, ನೀರಿನ ಬಾಟಲಿ, ಒಡಕು ಬಿಸ್ಕತ್ತಿನ ಪೊಟ್ಟಣ, ಒಂದು ಕೈಯಿಲ್ಲದ ಗೊಂಬೆ. ಚಾಪೆಯ ಮೇಲೆ ನಾಲ್ಕು ವರ್ಷದ ಮಗಳು.

"ಮಧ್ಯಾಹ್ನದ ಶಿಫ್ಟು, ಮಾವ. ಮೊನ್ನೆ ಸ್ಟೂಲು ಹತ್ತಿ ಗ್ಯಾಸ್ ತಿರುಗಿಸಿಬಿಟ್ಟಿದ್ಲು. ಕೋಣೆ ಒಳಗಿದ್ರೆ ಭಯ ಇಲ್ಲ."

"ಯಾರಿಗೆ ಭಯ ಇಲ್ಲ? ಏನಾದ್ರೂ ಆದ್ರೆ ಇವಳಿಗೆ ಬಾಗಿಲು ತೆಗೆಯೋರು ಯಾರು?"

ಅವಳು ಕೈ ಮುಗಿದಳು. "ಯಾರಿಗೂ ಹೇಳ್ಬೇಡಿ. ಮಗೂನ ಕಿತ್ಕೊಂಡು ಹೋಗ್ತಾರೆ."

"ಹೇಳೇ ಹೇಳ್ತೀನಿ. ಆದ್ರೆ ಮಗೂನ ನೋಡ್ಕೊಳ್ಳೋರಿಗೆ ಹೇಳ್ತೀನಿ" ಅಂದರು ಮಾವ. ಚಿಲಕ ಮಾರದೆ ವಾಪಸು ಬಂದರು.

ಬಂದವರೇ ನನ್ನ ಅಂಗಡಿಯಲ್ಲಿ ಕೂತು ಎಲ್ಲ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಥ ತಾಯಿಯನ್ನು ಪೊಲೀಸರಿಗೆ ಹಿಡಿದುಕೊಡಿ ಅಂದೆ.

"ಹೊಡೆದು ಬಡಿದು ಮಾಡಿದ್ರೆ ನಾನೇ ಸ್ಟೇಷನ್ನಿಗೆ ಹೋಗ್ತಿದ್ದೆ. ಇವಳು ದಿಕ್ಕು ತೋಚದೆ ಹೀಗೆ ಮಾಡ್ತಿದಾಳೆ. ಕೋಪ ಆಮೇಲೆ ಮಾಡ್ಕೊಳ್ಳೋಣ. ಮಧ್ಯಾಹ್ನ ನೀನು ಅಂಗಡೀಲೇ ಇರ್ತೀಯಲ್ಲ?"

ಹಾಗೆ ಮಧ್ಯಾಹ್ನದ ಪಾಳಿ ನನ್ನ ತಲೆಗೆ ಬಂತು. ಸಂಜೆಯ ಮೇಲೆ ಮಹಡಿ ಮನೆಯ ಅಜ್ಜಿ, ಶಿಫ್ಟು ಬದಲಾದರೆ ಬೆಳಿಗ್ಗೆ ಶಿಶುವಿಹಾರದ ಟೀಚರು ಒಪ್ಪಿಕೊಂಡರು. ಮಾವನದು ಒಂದೇ ಕರಾರು: ಮಗು ಯಾರ ಹತ್ತಿರ ಇದ್ದರೂ ಅಲ್ಲಿನ ಬಾಗಿಲು ತೆರೆದಿರಬೇಕು, ಬೀದಿಗೆ ಕಾಣುತ್ತಿರಬೇಕು. ಬೀಗ ಮಾರುವವರೇ ಬಾಗಿಲು ತೆರೆದಿಡಿ ಅಂದರೆ ವ್ಯಾಪಾರ ಉದ್ಧಾರವಾದ ಹಾಗೇ ಎಂದು ಛೇಡಿಸಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ತಾಯಿಗೂ ಹೋಗಿ ಈ ಏರ್ಪಾಡು ತಿಳಿಸಿ ಹೇಳಿಬಂದರು, "ಯಾರನ್ನೂ ಸುಮ್ಮನೆ ನಂಬಬೇಡಮ್ಮ, ನನ್ನನ್ನೂ ಅಷ್ಟೇ. ಯಾವಾಗ ಬೇಕಾದ್ರೂ ಬಂದು ನೋಡ್ಕೊ."

ಅವಳು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಯಾರನ್ನೂ ನಂಬಲಿಲ್ಲ. ಮರುದಿನ ಮಧ್ಯಾಹ್ನ ಮಗು ಬರಲಿಲ್ಲ. ಮಾವ ಓಡಿದರು, ಹಿಂದೆ ನಾನು. ಮುಂಬಾಗಿಲಿಗೆ ಬೀಗ. ಪಕ್ಕಕ್ಕೆ ಹೋಗಿ ಒಳಕೋಣೆಯ ಕಿಟಕಿಯಲ್ಲಿ ಇಣುಕಿದರೆ ಮಗು ಮುಚ್ಚಿದ ಕೋಣೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿತ್ತು. ಬಾಗಿಲು ನೋಡದೆ ಮಾರುವ ಅಂಗಡಿಯಲ್ಲಿ ಚಿಲಕ ಕೊಂಡು ತಂದಿದ್ದಳು.

"ಪುಟ್ಟೀ" ಎಂದು ಮಾವ ಕರೆದರು. "ಹೂಂ" ಅಂದಿತು.

ಆ ಬೀಗ ತೆಗೆಯಲು ಮಾವನಿಗೆ ಒಂದು ತಂತಿ ಸಾಕು. ತೆಗೀರಿ ಎಂದು ನಾನು ಕಿರುಚಿದೆ.

"ಮಗು ಹುಷಾರಾಗಿದೆ. ಒಂಚೂರು ಏರುಪೇರಾದ್ರೂ ಒಡೆದೇಬಿಡ್ತೀನಿ. ಆದ್ರೆ ಅವಳು ಇಲ್ಲದಾಗ ಮನೆಗೆ ನುಗ್ಗಿದ್ರೆ, ಹೆದರಿ ನಾಳೇನೇ ಊರು ಬಿಡ್ತಾಳೆ. ಆಮೇಲೆ ಈ ಮಗೂಗೆ ಯಾರಿದಾರೆ? ಹೋಗು, ಅವಳನ್ನ ಕರ್ಕೊಂಡು ಬಾ."

ಸುತ್ತಿಗೆ ಪಕ್ಕದಲ್ಲಿಟ್ಟುಕೊಂಡು ಕಿಟಕಿಯ ಕೆಳಗೆ ಕೂತರು. ಗೊಂಬೆಯ ಇನ್ನೊಂದು ಕೈ ಎಲ್ಲಿ ಹೋಯಿತು ಎಂದು ಮಗುವನ್ನು ವಿಚಾರಣೆ ಮಾಡತೊಡಗಿದರು.

ಕಾರ್ಖಾನೆ ಹತ್ತಿರದಲ್ಲೇ ಇತ್ತು. ಗೇಟಿನವನ ಜೊತೆ ಜಗಳವಾಡಿ ಅವಳನ್ನು ಎಳೆದುಕೊಂಡು ಬಂದೆ. ಅವಳು ಕೀಲಿಕೈಯನ್ನು ತಲೆಕೆಳಗಾಗಿ ತುರುಕಿದಳು, ಬೀಗದೊಳಗೆ ಹೋಗಲಿಲ್ಲ. ಮಾವನ ಕಡೆ ಚಾಚಿದಳು.

"ನೀನೇ ತೆಗಿಯಮ್ಮ" ಅಂದರು.

ಒಳಗೆ ಹೋಗಿ ಚಿಲಕ ಸರಿಸಿದಳು. ಮಗು ಎದ್ದು ಬಂದು ಅವಳ ಕಾಲು ತಬ್ಬಿಕೊಂಡಿತು. "ಅಮ್ಮ, ನಾನು ಅಳಲೇ ಇಲ್ಲ. ಯಾರಿಗೂ ಕೇಳಿಸಿಲ್ಲ."

ಅವಳು ಮಗಳನ್ನು ಎತ್ತಿ ಅಪ್ಪಿಕೊಂಡು ಅತ್ತಳು. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ, ನನಗೂ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಅವಳೇ, "ಮಾವ, ಇದನ್ನ ಬಿಚ್ಚಿಹಾಕಿ" ಅಂದಳು. ಮಾವ ಸ್ಕ್ರೂಡ್ರೈವರ್ ಅವಳ ಕೈಗೇ ಕೊಟ್ಟರು.

ಆಮೇಲೆ ಆ ಸಾಲಿನ ಇನ್ನೂ ಕೆಲವು ಮಕ್ಕಳು ನಮ್ಮ ತೆರೆದ ಬಾಗಿಲುಗಳಿಗೆ ಬಂದವು. ರಜೆಯ ದಿನ ಅವನ್ನೆಲ್ಲ ನೋಡಿಕೊಳ್ಳುವವಳು ಆ ತಾಯಿಯೇ. ಅವಳ ಮಗಳೋ, ಈಗ ಬೀದಿಗೆಲ್ಲ ರಾಣಿ. ನಿನ್ನೆ ಮಂಡಿ ತರಚಿಕೊಂಡು ಕಿವಿ ಕಿತ್ತುಹೋಗುವ ಹಾಗೆ ಬೊಬ್ಬೆ ಹೊಡೆದಳು. ಇದ್ದಬದ್ದವರೆಲ್ಲ ಹೊರಗೆ ಓಡಿ ಬಂದೆವು. ನಾನು ಗಾಯ ಒರೆಸುತ್ತಾ ಸಮಾಧಾನ ಮಾಡಹೋದರೆ ಮಾವ ಅಂಗಡಿಯಿಂದಲೇ ಗದರಿದರು.

"ಯಾಕೆ ಸುಮ್ಮನಿರಿಸ್ತೀಯ? ಅಳ್ಲಿ ಬಿಡು. ಎಲ್ಲರಿಗೂ ಕೇಳ್ಲಿ."