ಜಾರಿದ್ದು ಮುಂದಿನ ಚಕ್ರವೋ ಹಿಂದಿನದೋ

ಜೆ.ಸಿ. ರಸ್ತೆಯ ಟೈರ್ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಗೇ ನಾವು ಗಂಡ ಹೆಂಡತಿ ಎರಡು ಉತ್ತರ ಕೊಟ್ಟೆವು.

"ಗಾಡಿ ಜಾರಿದ್ದು ಮುಂದುಗಡೆನಾ, ಹಿಂದುಗಡೆನಾ ಸರ್?"

"ಹಿಂದುಗಡೆ" ಎಂದೆ ನಾನು.

"ಮುಂದುಗಡೆ" ಎಂದಳು ಅವಳು.

ಅಂಗಡಿಯವರು ಅರವತ್ತು ದಾಟಿದವರು, ಹಣೆಯಲ್ಲಿ ಮೂರು ಗೆರೆ ವಿಭೂತಿ. ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ, ಇದು ಬೇಗ ಮುಗಿಯುವ ವ್ಯವಹಾರವಲ್ಲ ಎಂದು ತಿಳಿದವರಂತೆ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತರು.

ಅದು ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ನಿವೃತ್ತಿಯಾದ ವರ್ಷ, ಅಂದರೆ ಆರು ವರ್ಷದ ಹಿಂದೆ, ಪರಿಚಯದ ವೈದ್ಯರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರದ ಪಾಠ ಹೇಳಿದವನಿಗೆ ಇಂಥ ಕಾರು ಯಾಕೆ ಬೇಕಾಯಿತು ಎಂದು ಬಸವನಗುಡಿಯ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದರು. ನಾನು ಏನು ಉತ್ತರ ಕೊಟ್ಟೆ ಎಂಬುದು ಈಗ ನೆನಪಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟು, ನನ್ನ ಹೆಂಡತಿ ಹುಟ್ಟಿ ಬೆಳೆದ ಮಲ್ಲೇಶ್ವರಕ್ಕೆ ಹೋಗಿ, ಅಲ್ಲಿ ಇಡ್ಲಿ ತಿಂದು ಕಾಫಿ ಕುಡಿದು, ಅವಳಿಗೆ ಬೇಕಾದ ಸೊಪ್ಪು ಕೊಂಡು ಎಂಟರೊಳಗೆ ಹಿಂತಿರುಗುತ್ತಿದ್ದೆವು. ಕಾರು ಓಡುತ್ತಿದ್ದದ್ದು ಅಷ್ಟೇ. ಆ ಎರಡು ಗಂಟೆ ನಾವಿಬ್ಬರೂ ಮನೆಯಲ್ಲಿ ಆಡದಷ್ಟು ಮಾತು ಆಡುತ್ತಿದ್ದೆವು.

ಆಯುಧಪೂಜೆಯ ಮಾರನೆಯ ಬೆಳಿಗ್ಗೆ, ನಮ್ಮ ಬೀದಿ ಮುಗಿದು ದೊಡ್ಡ ರಸ್ತೆ ಸೇರುವ ತಿರುವಿನಲ್ಲಿ ಕಾರು ಜಾರಿತು. ಅವತ್ತು ಮಲ್ಲೇಶ್ವರಕ್ಕೆ ಹೋಗದೆ ಮನೆಗೆ ವಾಪಸಾದೆವು. ಅವಳು ಕಾರಿನಿಂದ ಇಳಿದು, "ಇನ್ಮೇಲೆ ನಾನು ಇದರಲ್ಲಿ ಕೂರಲ್ಲ" ಎಂದಳು. ಎರಡು ದಿನದ ಮಾತು ಎಂದುಕೊಂಡೆ. ಮುಂದಿನ ಭಾನುವಾರ ಅವಳು ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ನಡೆದುಕೊಂಡು ಹೋಗಿ ಮೆಟ್ರೊ ಹತ್ತಿದಳು. ನಾನು ಕಾರಿನಲ್ಲಿ ಹೋದೆ. ನಾನು ತಲುಪುವ ಹೊತ್ತಿಗೆ ಅವಳ ಇಡ್ಲಿ ಮುಗಿದಿತ್ತು. ಹೀಗೆ ಆರು ಭಾನುವಾರ ಕಳೆದವು. ಎರಡೇ ಸೀಟಿನ ಕಾರಿನಲ್ಲಿ ಒಬ್ಬರು ಬರುವುದಿಲ್ಲವೆಂದರೆ ಅರ್ಧ ಕಾರೇ ಖಾಲಿ. ಅವಳು ಮತ್ತೆ ಕೂರದಿದ್ದರೆ ಮಾರಿಬಿಡುವುದು, ಅದಕ್ಕೆ ಮೊದಲು ಟೈರ್ ಬದಲಾಯಿಸಿ ನೋಡುವುದು ಎಂದು ನಿಶ್ಚಯಿಸಿದೆ. ಟೈರ್ ಅಂಗಡಿಗೆ ತಾನೂ ಬರುತ್ತೇನೆಂದಳು. ಬಂದದ್ದು ಮಾತ್ರ ನನ್ನ ಕಾರಿನ ಹಿಂದೆ ಆಟೋದಲ್ಲಿ.

"ಟ್ರೆಡ್ ಚೆನ್ನಾಗೇ ಇದೆಯಲ್ಲ" ಎಂದೆ ಅಂಗಡಿಯವರಿಗೆ. ಟೈರಿನ ಮೇಲಿನ ಗೀರುಗಳು ನಿಜಕ್ಕೂ ಆಳವಾಗಿದ್ದವು.

ಅವರು ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿದರು. "ಉಗುರು ಇಳೀತಾನೇ ಇಲ್ಲ ನೋಡಿ. ಸವೆದಿಲ್ಲ, ಆದ್ರೆ ಕಲ್ಲಾಗಿದೆ. ಯಾವಾಗ ಹಾಕಿಸಿದ್ದು?"

"ಭಾನುವಾರ ಮಾತ್ರ ಓಡೋ ಗಾಡಿ. ನಾಲ್ಕು ವರ್ಷ ಆಯ್ತು. ಇಲ್ಲೇ, ನಿಮ್ಮ ಅಂಗಡೀಲೇ."

ಇದನ್ನು ನಾನು ಪೂರ್ತಿ ವಿಶ್ವಾಸದಿಂದ ಹೇಳಿದೆ. ನನಗೆ ನೀಲಿ ಪ್ಲಾಸ್ಟಿಕ್ ಕುರ್ಚಿ ನೆನಪಿತ್ತು. ಅದರ ಒಂದು ಕಾಲು ಬಾಗಿದ್ದು, ಪಕ್ಕದ ಅಂಗಡಿಯಿಂದ ತರಿಸಿಕೊಟ್ಟ ಬಾದಾಮಿ ಹಾಲು, ಅದರ ಮೇಲೆ ಕಟ್ಟಿದ್ದ ಕೆನೆಯನ್ನು ಕಡ್ಡಿಯಲ್ಲಿ ತೆಗೆದದ್ದು, ಎಲ್ಲವೂ.

ಅವರು ಟೈರಿನ ಪಕ್ಕೆಯನ್ನು ಬಟ್ಟೆಯಿಂದ ಉಜ್ಜಿ ನಾಲ್ಕು ಅಂಕಿ ತೋರಿಸಿದರು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಟೈರ್ ತಯಾರಾಗಿ ಒಂಬತ್ತು ವರ್ಷವಾಗಿತ್ತು. ಅಂದರೆ ನಾನು ಕಾರು ಕೊಳ್ಳುವುದಕ್ಕೂ ಮೂರು ವರ್ಷ ಮೊದಲು.

"ಹಳೇ ಸ್ಟಾಕ್ ಇರಬಹುದು" ಎಂದೆ. "ಒಂಬತ್ತು ವರ್ಷದ ಹಿಂದೆ ತಯಾರಾದದ್ದನ್ನ ನಾಲ್ಕು ವರ್ಷದ ಹಿಂದೆ ಹಾಕಿರಬಹುದು."

"ಐದು ವರ್ಷ ಕೊಳೆತ ಮಾಲು ನಾನು ಮಾರ್ತೀನಾ ಸರ್?" ಅವರ ದನಿ ಏರಲಿಲ್ಲ. ಆದರೆ ಎದ್ದು ನಿಂತರು. "ನಿಮ್ಮ ಮುಖ ನೋಡಿದ ಹಾಗಿದೆ. ಈ ಗಾಡಿ ನೋಡಿಲ್ಲ. ಇಂಥ ಗಾಡಿ ಬಂದಿದ್ರೆ ಮರೀತಿರ್ಲಿಲ್ಲ."

"ಅದು ಇದಕ್ಕೆ ಮುಂಚೆ ಇದ್ದ ಹಳೇ ಕಾರಿಗೆ ಕಣ್ರೀ" ಎಂದಳು ನನ್ನ ಹೆಂಡತಿ. "ಮಾರೋಕೆ ಒಂದು ವರ್ಷ ಮುಂಚೆ. ಬಾದಾಮಿ ಹಾಲು ನಾನೂ ಕುಡಿದೆ."

ಅವಳು ಆ ದಿನ ಜೊತೆಗಿದ್ದಳು ಎಂಬುದೇ ನನ್ನ ನೆನಪಿನಲ್ಲಿರಲಿಲ್ಲ. ಕುರ್ಚಿ ಇತ್ತು, ಕೆನೆ ಇತ್ತು, ಅವಳಿರಲಿಲ್ಲ. ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ, ವಿವರ ಹೆಚ್ಚಿದೆಯೆಂದು ಸಾಕ್ಷಿಯನ್ನು ನಂಬಬೇಡಿ ಎನ್ನುತ್ತಿದ್ದೆ. ಹೇಳಿದ್ದೆನೇ? ಹೇಳಬೇಕೆಂದು ಅಂದುಕೊಂಡಿದ್ದೆನೋ ಏನೋ.

ಅಂಗಡಿಯವರು ಎರಡು ಟೈರುಗಳನ್ನು ಉರುಳಿಸಿಕೊಂಡು ಬಂದು ಗೋಡೆಗೆ ಒರಗಿಸಿದರು. ನೋಡಲು ಎರಡೂ ಒಂದೇ. ಒಂದು ಮೆತ್ತನೆಯದು, ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಇನ್ನೊಂದು ಗಟ್ಟಿ, ಹಿಡಿತ ಕಡಿಮೆ, ಬಹಳ ದಿನ ಬರುತ್ತದೆ. ನಾನು ಹದಿನೈದು ದಿನ ಇಂಟರ್ನೆಟ್ಟಿನಲ್ಲಿ ಓದಿಯೂ ಇಬ್ಬರು ತಜ್ಞರು ಒಂದೇ ಮಾತು ಹೇಳಿದ್ದನ್ನು ಕಂಡಿರಲಿಲ್ಲ. ಬರೆದುಕೊಂಡು ಬಂದಿದ್ದ ಹಾಳೆಯನ್ನು ಬಿಚ್ಚಿದೆ. ನನ್ನದೇ ಅಕ್ಷರ, ಆದರೆ ಯಾವ ಸಾಲು ಯಾವ ಟೈರಿನದೆಂದು ತಿಳಿಯಲಿಲ್ಲ.

"ಹೇಗೆ ಜಾರಿತು ಅಂತ ಹೇಳಿ, ಯಾವುದು ಅಂತ ನಾನು ಹೇಳ್ತೀನಿ" ಎಂದರು ಅಂಗಡಿಯವರು.

"ಮಳೆ ಬಂದಿತ್ತು" ಎಂದು ಶುರು ಮಾಡಿದೆ. "ತಿರುವಿನಲ್ಲಿ ಹಿಂಭಾಗ ಸ್ವಲ್ಪ ಪಕ್ಕಕ್ಕೆ ಹೋಯಿತು. ಸ್ಟಿಯರಿಂಗ್ ಸರಿಮಾಡಿಕೊಂಡೆ. ಅಷ್ಟೇ."

"ಮಳೆ ಎಲ್ಲಿತ್ತು?" ಎಂದಳು ಅವಳು. "ಕುಂಬಳಕಾಯಿ ಮೇಲೆ ಜಾರಿದ್ದು. ನೀವೇ ಒಡೆದಿದ್ದು."

ಅಂಗಡಿಯವರ ಮುಖದಲ್ಲಿ ಮೊದಲ ಬಾರಿ ನಗು ಕಂಡಿತು. ಆಯುಧಪೂಜೆಯ ದಿನ ಗಾಡಿಗಳಿಗೆ ದೃಷ್ಟಿ ತೆಗೆದು ಒಡೆದ ಬೂದುಗುಂಬಳ ಈ ಊರಿನ ರಸ್ತೆಗಳಲ್ಲಿ ಎರಡು ದಿನ ಕೊಳೆಯುತ್ತಿರುತ್ತದೆ. ಆದರೆ ನಾನು ಪೂಜೆ ಮಾಡುವವನಲ್ಲ. ಕಾರಿಗೆ ದೃಷ್ಟಿ ತಗಲುತ್ತದೆಂದು ನಂಬುವವನೂ ಅಲ್ಲ. "ನಾನು ಕುಂಬಳಕಾಯಿ ಒಡೆಯುವುದೇ?" ಎಂದೆ.

ಅವಳು ಕೈಚೀಲದಿಂದ ಫೋನ್ ತೆಗೆದು ಹುಡುಕಿ, ಒಂದು ಫೋಟೊ ತೋರಿಸಿದಳು. ನಮ್ಮ ಬೀದಿಯ ತಿರುವು. ಕುಂಬಳಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದವನು ನಾನೇ. ಅದರ ಮೇಲೆ ಕರ್ಪೂರ ಉರಿಯುತ್ತಿತ್ತು. ನನ್ನ ಬಾಯಿ ಅಗಲವಾಗಿ ತೆರೆದಿತ್ತು, ನಗುತ್ತಿದ್ದೆನೋ ಏನೋ. ರಸ್ತೆ ಒಣಗಿತ್ತು.

"ಗೇಟ್ ಮುಂದೆ ಒಡೀರಿ ಅಂದೆ. ಮೂರು ದಾರಿ ಸೇರೋ ಕಡೆ ಒಡೀಬೇಕು, ಅದೇ ಕ್ರಮ ಅಂತ ನನಗೇ ಪಾಠ ಹೇಳಿ ಅಲ್ಲಿಗೆ ಹೋದ್ರಿ."

ಫೋಟೊ ಹಿಂದಿನ ದಿನದ್ದು, ಮಾರನೆಯ ಬೆಳಿಗ್ಗೆ ಮಳೆ ಬಂದಿರಬಹುದಲ್ಲ ಎಂದು ಹೇಳಬೇಕೆನಿಸಿತು. ಮಳೆಯ ಸದ್ದು ಇನ್ನೂ ನನ್ನ ಕಿವಿಯಲ್ಲಿತ್ತು. ಅದು ಯಾವ ವರ್ಷದ ಮಳೆಯೋ.

"ಆಮೇಲೆ?" ಎಂದರು ಅಂಗಡಿಯವರು, ಈಗ ಅವಳನ್ನೇ ನೋಡುತ್ತ.

"ಸ್ಟಿಯರಿಂಗ್ ತಿರುಗಿಸಿದ್ರು, ಗಾಡಿ ತಿರುಗಲಿಲ್ಲ. ನೆಟ್ಟಗೇ ಹೋಯ್ತು. ಹೂವಿನವಳ ಬುಟ್ಟಿಗೆ ಒಂದು ಗೇಣು ಇದೆ ಅನ್ನೋವಾಗ ನಿಂತ್ಕೊಂತು."

"ಯಾವ ಹೂವಿನವಳು?" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಎದ್ದು ನಿಂತು ಬೈದ್ಲಲ್ಲ. ನೀವು ಕೈ ಮುಗಿದು ತಪ್ಪಾಯ್ತು ಅಂದ್ರಿ. ಅದೂ ನೆನಪಿಲ್ವಾ?"

ನಾನು ಆ ತಿರುವನ್ನು ಕಣ್ಣ ಮುಂದೆ ತಂದುಕೊಳ್ಳಲು ಯತ್ನಿಸಿದೆ. ತಿರುವು ಬಂತು, ಮಳೆ ಬಂತು. ಹೂವಿನವಳನ್ನು ಅಲ್ಲಿ ಕೂರಿಸಿದೆ. ಕೂತಳು. ಆದರೆ ಅವಳನ್ನು ಕೂರಿಸಿದವನು ನಾನೇ ಎಂಬುದು ನನಗೆ ಗೊತ್ತಿತ್ತು.

"ಇಲ್ಲ" ಎಂದೆ.

"ನನಗೆ ಜಾರಿದ್ದಕ್ಕೆ ಭಯ ಇಲ್ಲ" ಎಂದಳು. ದನಿ ತಗ್ಗಿತ್ತು, ಅಂಗಡಿಯವರಿಗೆ ಕೇಳಿಸಬಾರದೆಂದು. "ಮನೆಗೆ ಬಂದ ತಕ್ಷಣ, ಏನೂ ಆಗಲಿಲ್ಲ ಅಂದ್ರಲ್ಲ, ಅದಕ್ಕೆ ಭಯ. ಸುಳ್ಳು ಹೇಳ್ತಿದೀರಾ, ನಿಜವಾಗ್ಲೂ ಮರ್ತಿದೀರಾ, ಯಾವುದು ಅಂತ ನಂಗೆ ಗೊತ್ತಾಗಲಿಲ್ಲ."

ಅಂಗಡಿಯವರು ಸಜ್ಜನರು, ಅಷ್ಟರಲ್ಲಿ ಒಳಗೆ ಹೋಗಿ ಏನೋ ಹುಡುಕತೊಡಗಿದ್ದರು. ನನಗೆ ವಾದಕ್ಕೆ ಬೇಕಾದ ಮಾತುಗಳೆಲ್ಲ ಸಿದ್ಧವಾಗಿದ್ದವು. ಅವಳ ನೆನಪೂ ನೆನಪೇ ತಾನೇ, ಅದಕ್ಕೇನು ಪ್ರಮಾಣ, ಹೂವಿನವಳ ಫೋಟೊ ಇದೆಯೇ. ಆದರೆ ಟೈರಿನ ಮೇಲಿನ ನಾಲ್ಕು ಅಂಕಿ ಅವಳ ಪರವಾಗಿದ್ದವು, ಕುಂಬಳಕಾಯಿ ಅವಳ ಪರವಾಗಿತ್ತು. ಎರಡು ಸಲ ತಪ್ಪಿದವನು ಮೂರನೆಯ ಸಲ ಸರಿಯೆಂದು ಯಾವ ವಿದ್ಯಾರ್ಥಿ ಹೇಳಿದ್ದರೂ ನಾನು ಒಪ್ಪುತ್ತಿರಲಿಲ್ಲ.

"ಸುಳ್ಳು ಹೇಳಲಿಲ್ಲ" ಎಂದೆ. "ಮರೆತಿದೀನಿ."

ಅವಳು ಸೆರಗಿನಿಂದ ಕಾರಿನ ಕನ್ನಡಿಯ ಮೇಲಿದ್ದ ಧೂಳು ಒರೆಸಿದಳು.

ಅಂಗಡಿಯವರು ಹೊರಗೆ ಬಂದಾಗ, "ಇವಳು ಹೇಳಿದ್ದೇ ಸರಿ. ಜಾರಿದ್ದು ಮುಂದುಗಡೆ" ಎಂದೆ.

"ಯಾವ ಕಡೆ ಆದ್ರೂ ನಾಲ್ಕೂ ಬದಲಾಯಿಸಲೇಬೇಕು ಸರ್" ಎಂದರು ಅವರು. "ಕುಂಬಳಕಾಯಿ ಮೇಲೆ ಹೊಸ ಟೈರೂ ಜಾರತ್ತೆ. ಅದು ಬೇರೆ ವಿಷ್ಯ. ನಿಮ್ಮ ಗಾಡಿ ಓಡೋದು ಭಾನುವಾರ ಮಾತ್ರ. ಮೆತ್ತಂದು ಹಾಕಿದ್ರೂ ಸವೆಯೋ ಮುಂಚೆ ವಯಸ್ಸಾಗಿ ಗಟ್ಟಿಯಾಗತ್ತೆ. ಅದಕ್ಕೆ ಮೆತ್ತಂದೇ ಹಾಕಿಸ್ಕೊಳ್ಳಿ. ಐದಾರು ವರ್ಷಕ್ಕೆ ತೆಗೆದುಬಿಡಿ."

ಇಷ್ಟು ಸರಳವಾದ ಮಾತು ನನ್ನ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಚಕ್ರ ಬಿಚ್ಚಿ ಹೊಸ ಟೈರ್ ಕೂರಿಸಲು ಒಂದು ಗಂಟೆ ಹಿಡಿಯಿತು. ಕುರ್ಚಿಗಳು ಕೆಂಪು ಬಣ್ಣದವು. ಮೊದಲಿನಿಂದಲೂ ಕೆಂಪೇ ಎಂದು ಕೇಳಲು ಧೈರ್ಯವಾಗಲಿಲ್ಲ. ಕೊನೆಗೆ ಅಂಗಡಿಯವರು, "ಮೊದಲ ನೂರು ಕಿಲೋಮೀಟರ್ ನಿಧಾನ. ಹೊಸ ರಬ್ಬರ್ ಮೇಲೆ ಪದರ ಇರತ್ತೆ, ಹಿಡಿತ ಬರೋಕೆ ಸ್ವಲ್ಪ ಓಡಬೇಕು" ಎಂದರು.

"ಅಂದ್ರೆ ಇದೂ ಜಾರತ್ತೆ" ಎಂದಳು ಅವಳು.

"ಜಾರಬಹುದಮ್ಮ."

ಆಟೋದವರು ಎರಡು ಬಾರಿ ಅವಳ ಮುಂದೆ ನಿಧಾನ ಮಾಡಿ ಹೋದರು. ಅವಳು ಕೈ ಅಡ್ಡ ಮಾಡಲಿಲ್ಲ. ನನ್ನ ಪಕ್ಕದ ಬಾಗಿಲು ತೆಗೆದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಬೆಲ್ಟ್ ಹಾಕಿಕೊಳ್ಳುವಾಗ, "ಜಾರಿದ್ರೆ ಹೇಗೆ ಜಾರಿತು ಅಂತ ನಾನು ಹೇಳ್ತೀನಿ" ಎಂದಳು.

ಮುಂದಿನ ಭಾನುವಾರವೂ ಬಂದಳು. ಮೆಟ್ರೊ ಕಾರ್ಡ್ ಕೈಚೀಲದಲ್ಲೇ ಇತ್ತು, ಅವಳು ಚಿಲ್ಲರೆ ಹುಡುಕುವಾಗ ಕಂಡೆ. ನಮ್ಮ ಬೀದಿಯ ತಿರುವಿನಲ್ಲಿ ನಾನು ತೀರ ನಿಧಾನವಾದೆ. ಬಲಗಡೆ ಒಬ್ಬ ಹೆಂಗಸು ಸೇವಂತಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಇವಳೇನಾ?" ಎಂದೆ.

"ಅಲ್ಲ" ಎಂದಳು ಅವಳು. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿ, "ಇವಳೇ ಇರಬಹುದು" ಎಂದಳು.