ಡಬ್ಬಿಯ ಮೇಲಿನ ಅಕ್ಷರ

ಹೋದ ವಾರ ನನ್ನ ಸೊಸೆ ಗಿರಿಜಾ ತಾನು ಬರೆದ ಒಂದು ಕರಡು, ಗೀಟು ಹಾಕಿದ ಒಂದಿಷ್ಟು ಹಾಳೆ, ಹೊಸದೊಂದು ಮಸಿ ಬಾಟಲಿ ತಂದು ನನ್ನ ಮುಂದೆ ಇಟ್ಟಳು. ಮುಚ್ಚಳ ತೆಗೆದದ್ದೇ ತಡ, ತುಕ್ಕು ಹಿಡಿದ ಕಬ್ಬಿಣದಂಥ, ತುಸು ಹುಳಿ ಬೆರೆತ ಆ ವಾಸನೆ ಸಿಂಧನೂರಿನ ನಮ್ಮ ಪಡಸಾಲೆಯಲ್ಲೆಲ್ಲ ಹರಡಿತು. ಗಿರಿಜಾ ಶಾಲೆಯಲ್ಲಿ ಟೀಚರು. ಈಗ ಮುಖ್ಯೋಪಾಧ್ಯಾಯಿನಿ ಆಗುವ ತರಬೇತಿಗೆ ಹೋಗುತ್ತಿದ್ದಾಳೆ. ಯಾವುದಾದರೂ ಒಂದು ಶಾಲೆಯನ್ನು ನೋಡಿ ಬಂದು ತಪಾಸಣೆಯ ವರದಿ ಬರೆಯಬೇಕಂತೆ.

"ಅತ್ತೀ, ನನ್ನ ಅಕ್ಷರ ಕಾಗಿ ಕಾಲಿನಂಗ ಅದಾವು. ನೀವು ಚಂದಾಗಿ ಬರದ ಕೊಡ್ರಿ. ಬರೇ ಅಭ್ಯಾಸಕ್ಕ ಬರಿಯೋದು."

ಪೆನ್ನಿಗೆ ಹೋದ ನನ್ನ ಕೈ ಅಲ್ಲೇ ನಿಂತಿತು. 'ಬರೇ ಅಭ್ಯಾಸಕ್ಕ' ಎಂಬ ಮಾತು ನನಗೆ ಹೊಸದಲ್ಲ. ಒಂದು ಕಾಲದಲ್ಲಿ ಅದನ್ನು ನಾನೇ ಆಡಿದ್ದೆ. ಏನಾಯಿತೆಂದು ನಿಮಗೆ ಹೇಳುತ್ತೇನೆ; ಗಿರಿಜಾಗೂ ಇಷ್ಟು ದಿನ ಹೇಳಿರಲಿಲ್ಲ.

ನಾನು ಓದಿದ್ದು ಸಿಕಂದರಾಬಾದಿನ ಒಂದು ಕಾನ್ವೆಂಟಿನಲ್ಲಿ. ಅಕ್ಷರಗಳೆಲ್ಲ ಒಂದೇ ಸಮ ಬಲಕ್ಕೆ ವಾಲದಿದ್ದರೆ ಅಲ್ಲಿಯ ಮದರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಅಷ್ಟು ವರ್ಷ ಪೆಟ್ಟು ತಿಂದು ನಾನು ಗಳಿಸಿದ್ದು ಸುಂದರವಾದ ಇಂಗ್ಲಿಷ್ ಕೈಬರಹ ಒಂದನ್ನೇ. ನಿಜಾಮನ ಆಳ್ವಿಕೆ ಮುಗಿದ ಮೂರ್ನಾಲ್ಕು ವರ್ಷಕ್ಕೆ ಮದುವೆಯಾಗಿ ಲಿಂಗಸುಗೂರಿಗೆ ಬಂದಾಗ ನನಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬರುವುದನ್ನಾದರೂ ಮಾಡೋಣವೆಂದು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಇಂಗ್ಲಿಷಿನಲ್ಲಿ ಹೆಸರು ಬರೆದೆ. ಅತ್ತೆಯವರು ಬಂದವರಿಗೆಲ್ಲ ತೋರಿಸುತ್ತಿದ್ದರು. "ನೋಡ್ರಿ, ನಮ್ಮ ಸೊಸಿ ಅರಿಷಿಣಕ್ಕೂ ಇಂಗ್ಲೀಷ್ ಕಲಿಸ್ಯಾಳ. ನಾ ಮಾತ್ರ ಡಬ್ಬಿ ತೆರೆದು ಮೂಸಿ ನೋಡೇ ಹಾಕತೀನಿ."

ನಮ್ಮ ಮನೆಯವರು ಬಿ.ಎ. ಮುಗಿಸಿದ್ದ ಮಾಸ್ತರು. ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದ ಕಾಲ ಅದು. ಪದವಿ ಇದ್ದವರು ಒಂದು ವರ್ಷ ತರಬೇತಿ ಪಡೆದರೆ ಹೆಡ್ ಮಾಸ್ತರಿಕೆ ಸಿಗುತ್ತಿತ್ತು. ಇವರು ಹೈದರಾಬಾದಿಗೆ ಹೋದರು. ದಸರೆಯ ರಜೆಗೆ ಬರುವಾಗ ಚೀಲದಲ್ಲಿ ಒಂದು ಇಂಗ್ಲಿಷ್ ಕರಡು ತಂದು, ಚೆಂದದ ಅಕ್ಷರದಲ್ಲಿ ನಕಲು ಮಾಡಿಕೊಡು ಎಂದು ನನಗೆ ಕೊಟ್ಟರು. ಗೊತ್ತಿರುವ ಶಾಲೆಯೊಂದನ್ನು ತಪಾಸಣೆ ಮಾಡಿದಂತೆ ವರದಿ ಬರೆಯಬೇಕಿತ್ತು. ಇವರಿಗೆ ಒಳಗೂ ಹೊರಗೂ ಗೊತ್ತಿದ್ದದ್ದು ಮಸ್ಕಿಯಲ್ಲಿ ತಾವು ಓದಿದ ಶಾಲೆ ಒಂದೇ.

ಅಲ್ಲಿನ ಹೆಡ್ ಮಾಸ್ತರು ಬಸಲಿಂಗಯ್ಯನವರು, ಇವರ ಗುರುಗಳು. ಶಾಲೆಯಲ್ಲಿ ಉರ್ದು ಮಾತ್ರ ನಡೆಯುತ್ತಿದ್ದ ದಿನಗಳಲ್ಲಿ ಹುಡುಗರನ್ನು ತಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಕನ್ನಡ ತಿದ್ದಿಸಿದವರು. ವರದಿಯಲ್ಲಿ ಆ ಕಟ್ಟೆ ಬರಲಿಲ್ಲ. ನಮೂನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಬಂದದ್ದು ಬೇರೆ: ಶಾಲೆಯಲ್ಲಿ ಗಡಿಯಾರವಿಲ್ಲ, ಬೇವಿನ ಗಿಡದ ನೆರಳು ನೋಡಿ ಗಂಟೆ ಬಾರಿಸುತ್ತಾರೆ. ಹಾಜರಿ ಪುಸ್ತಕ ಅರ್ಧ ಉರ್ದು, ಅರ್ಧ ಕನ್ನಡ. ಹೆಡ್ ಮಾಸ್ತರು ಕುರ್ಚಿ ಬಿಟ್ಟು ಒಂದನೇ ಇಯತ್ತೆಯ ಹುಡುಗರ ಜೊತೆ ನೆಲದ ಮೇಲೆ ಕೂರುತ್ತಾರೆ. ಇವರು ಗುರುಗಳ ಬಗ್ಗೆ 'ಈಜಿ-ಗೋಯಿಂಗ್' ಎಂದು ಬರೆದಿದ್ದರು. ನನಗೆ ಅದು ಸಪ್ಪೆ ಅನಿಸಿತು. ಕರ್ತವ್ಯದಲ್ಲಿ ಅಸಡ್ಡೆ ಮಾಡುವವನಿಗೆ ಅನ್ನುವ 'ನೆಗ್ಲಿಜೆಂಟ್' ಪದವನ್ನು ಹಾಕಿದೆ.

"ಬಾಳ ಬಿರುಸಾತೇನು?" ಎಂದರು ಇವರು.

"ಬರೇ ಅಭ್ಯಾಸದ್ದಲ್ಲೇನ್ರಿ?" ಎಂದೆ ನಾನು.

ಆ ಪದದ ಎರಡೂ 'ಜಿ' ಅಕ್ಷರಗಳ ಬಾಲವನ್ನು ಎಷ್ಟು ಚೆಂದ ಸುತ್ತಿದ್ದೆನೆಂದರೆ, ಬರೆದಾದ ಮೇಲೆ ಹಾಳೆಯನ್ನು ದೂರ ಹಿಡಿದು ನೋಡಿ ಸಂತೋಷಪಟ್ಟೆ.

ಮುಂದಿನ ಜೂನಿನ ಹೊತ್ತಿಗೆ ಇವರ ತರಬೇತಿ ಮುಗಿದಿತ್ತು. ಲಿಂಗಸುಗೂರಿನಲ್ಲೇ ಪಾಠ ಮಾಡುತ್ತ ನೇಮಕದ ಹಾದಿ ಕಾಯುತ್ತಿದ್ದರು. ಒಂದು ಮಧ್ಯಾಹ್ನ ಇವರು ಶಾಲೆಗೆ ಹೋದಾಗ ಬಸಲಿಂಗಯ್ಯನವರು ಮಸ್ಕಿಯ ಬಸ್ಸಿಳಿದು ಮನೆಗೆ ಬಂದರು. ಪಡಸಾಲೆಯಲ್ಲಿ ಕೂತು ಬೆಲ್ಲ ತಿಂದು ನೀರು ಕುಡಿದು ಜೇಬಿನಿಂದ ಒಂದು ಲಕೋಟೆ ತೆಗೆದರು.

"ಯವ್ವಾ, ಸರಕಾರದಿಂದ ಇಂಗ್ಲೀಷಿನ್ಯಾಗ ಕಾಗದ ಬಂದೈತಿ. ಉರ್ದು ನನಗ ಬರತೈತಿ, ಕನ್ನಡ ಬರತೈತಿ. ಈ ಮೂರನೇ ದೇವರು ಮಾತ್ರ ಒಲಿದಿಲ್ಲ. ತುಸು ಓದಿ ಹೇಳವಾ."

ಬಿಚ್ಚಿದೆ. ಮೇಲೊಂದು ಟೈಪು ಮಾಡಿದ ಹಾಳೆ. ಅದರ ಕೆಳಗೆ ಆರು ಹಾಳೆ, ಎಲ್ಲ ನನ್ನ ಅಕ್ಷರ.

ಸಂತೆಯಲ್ಲಿ ಗುರುತಿಲ್ಲದ ಹೆಂಗಸಿನ ಮೈಮೇಲೆ ನನ್ನದೇ ಸೀರೆ ಕಂಡಂತಾಯಿತು. ತರಬೇತಿಯಲ್ಲಿ ಯಾರೋ ಇವರ ವರದಿ ಮಾದರಿಯಾಗಿದೆ ಎಂದು ಮೆಚ್ಚಿ ಇಲಾಖೆಗೆ ಕಳಿಸಿದ್ದರು. ಇಲಾಖೆಯವರು ಅದನ್ನು ನಿಜವಾದ ತಪಾಸಣೆಯೆಂದೇ ತಿಳಿದಿದ್ದರು. ಟೈಪು ಮಾಡಿದ ಹಾಳೆಯಲ್ಲಿ ನನ್ನ 'ನೆಗ್ಲಿಜೆಂಟ್' ಹಾಗೆಯೇ ಕೂತಿತ್ತು. ಹೆಡ್ ಮಾಸ್ತರಿಕೆಯಿಂದ ಏಕೆ ಇಳಿಸಬಾರದು, ಹದಿನೈದು ದಿನದೊಳಗೆ ಉತ್ತರ ಕೊಡಿ ಎಂದಿತ್ತು.

ನಾನು ಓದುತ್ತಿರುವಷ್ಟು ಹೊತ್ತು ಅವರು ಅಡುಗೆಮನೆಯ ಗೋಡೆಯ ಮಾಡದಲ್ಲಿದ್ದ ಡಬ್ಬಿಗಳ ಕಡೆ ನೋಡುತ್ತಿದ್ದರು.

"ಆ ಡಬ್ಬಿ ಮ್ಯಾಲೆ ಏನ್ ಬರದೈತಿ ಯವ್ವಾ?"

"ಅರಿಷಿಣ ಅಂತ್ರಿ."

"ನೀನೇ ಬರದೀ?"

"ಹೂನ್ರಿ."

"ಬಾಳ ಚಂದ ಐತಿ." ಕಾಗದದ ಮೇಲೆ ಒಮ್ಮೆ ಕಣ್ಣಾಡಿಸಿ ಕೇಳಿದರು, "ಇದರಾಗ ಏನೈತಿ?"

"ಏನೂ ಇಲ್ರಿ ಅಜ್ಜಾರ. ಸಾಲಿಗೊಂದು ಗಡಿಯಾರ ಬೇಕು ಅಂತ ಬರದಾರ. ಬರೇ ಅಭ್ಯಾಸದ ಕಾಗದ."

"ಒಂದ ಗಡಿಯಾರಕ್ಕ ಏಳು ಹಾಳಿ! ಸರಕಾರಕ್ಕ ಪುರಸೊತ್ತು ಬಾಳ ಐತಿ ಬಿಡು," ಎಂದು ನಕ್ಕು, ಲಕೋಟೆ ಮಡಚಿಕೊಂಡು ಬಸ್ಸಿಗೆ ಹೋದರು.

ಇವರಿಗೆ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿದೆ, ಅದರ ಮರುದಿನ ಒಣಹಾಕಿದೆ. ಇಲಾಖೆಗೇ ತಪ್ಪು ತಿಳಿದೀತು, ಅಭ್ಯಾಸದ ವರದಿ ನಂಬಿ ಯಾರಾದರೂ ಯಾರನ್ನಾದರೂ ಇಳಿಸುತ್ತಾರೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಕಾಯಿಗೆ ಉಪ್ಪು ಹಿಡಿಯುವಷ್ಟರಲ್ಲಿ ಹದಿನೈದು ದಿನ ಕಳೆದಿದ್ದವು.

ಜುಲೈ ಮುಗಿಯುತ್ತಿದ್ದಾಗ ಇವರು ಕೈಯಲ್ಲಿ ಆರ್ಡರು ಹಿಡಿದುಕೊಂಡು ಬಂದು ಹೊಸ್ತಿಲಲ್ಲೇ ಕೂತರು.

"ಹೆಡ್ ಮಾಸ್ತರಿಕಿ ಕೊಟ್ಟಾರ. ಮಸ್ಕಿಗೆ." ಮುಖದಲ್ಲಿ ಗೆಲುವಿರಲಿಲ್ಲ. "ಗುರುಗಳನ್ನ ಇಳಿಸಿ ತುರ್ವಿಹಾಳಕ್ಕ ಹಾಕ್ಯಾರಂತ. ಯಾಕ ಅನ್ನೋದ ತಿಳೀವಲ್ದು."

ಯಾಕೆಂದು ಗೊತ್ತಿದ್ದ ನಾನು ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟೆ.

ಮಸ್ಕಿಯಲ್ಲಿ ಬಸಲಿಂಗಯ್ಯನವರು ಬೀಗದ ಕೈ, ಹಾಜರಿ ಪುಸ್ತಕ ಎಲ್ಲ ಇವರಿಗೆ ಒಪ್ಪಿಸಿ ಹೊರಗೆ ಬಂದರು. ನಾನು ಬೇವಿನ ಗಿಡದ ಕೆಳಗೆ ನಿಂತಿದ್ದೆ. ನನ್ನ ಬಾಯಿಂದ ಬಂದ ಮಾತು ನೋಡಿ: "ಅಜ್ಜಾರ, ಆ ಕಾಗದ ಇನ್ನೊಬ್ಬರಿಗೆ ತೋರಿಸಬೇಕಾಗಿತ್ತಲ್ರಿ."

"ಯಾರಿಗಿ ತೋರಸಲಿ ಯವ್ವಾ? ಇಷ್ಟು ವರ್ಷ ಹುಡುಗರ ಅಕ್ಷರ ತಿದ್ದೀನಿ. ಓದಾಕ ಬರದಿದ್ರೂ ಯಾರ ಕೈ ಅಂತ ತಿಳೀತೈತಿ. ಡಬ್ಬಿ ಮ್ಯಾಲಿಂದು, ಕಾಗದದಾಗಿಂದು, ಎರಡೂ ಒಂದೇ ಕೈ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಬರದಾಕೀನೇ ಏನೂ ಇಲ್ಲ ಅಂದ ಮ್ಯಾಲೆ ಮತ್ಯಾರನ್ನ ಕೇಳಲಿ?"

ಅವರು ಕೊಡೆ ಬಿಚ್ಚಿ, ಬಗಲಲ್ಲಿ ಗಂಟು ಇಟ್ಟುಕೊಂಡು ಬಸ್ಸಿನ ಕಡೆ ನಡೆದರು.

ಅಂದೇ ಇವರಿಗೆ ಎಲ್ಲ ಹೇಳಿದೆ. ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಕಚೇರಿಗೆ ಹೋಗಿ ಕೇಳಿಕೊಂಡರು. ಉತ್ತರ ಬಾರದಿದ್ದರೆ ಒಪ್ಪಿಕೊಂಡಂತೆ ಎಂದರಂತೆ. ಅಲ್ಲಿಂದ ತುರ್ವಿಹಾಳಕ್ಕೆ ಹೋಗಿ ಗುರುಗಳ ಕಾಲು ಹಿಡಿದರು. "ಏಳಲೇ, ನೀ ಬರದದ್ದು ಖರೇನ ಐತಲ್ಲ? ಗಡಿಯಾರ ಎಲ್ಲಿತ್ತು?" ಎಂದು ಅವರು ಎಬ್ಬಿಸಿದರಂತೆ.

ಆಮೇಲೆ ಆ ಶಾಲೆಗೆ ಗಡಿಯಾರ ಬಂತು. ಇವರು ಅದಕ್ಕೆ ತಪ್ಪದೆ ಕೀಲಿ ಕೊಡುತ್ತಿದ್ದರು. ಆದರೆ ಗಂಟೆ ಬಾರಿಸುವ ಮೊದಲು ಒಮ್ಮೆ ಹೊರಗೆ ಬಂದು ಬೇವಿನ ನೆರಳು ನೋಡುವುದನ್ನು ಕೊನೆಯವರೆಗೂ ಬಿಡಲಿಲ್ಲ. ನಾನು ಡಬ್ಬಿಗಳ ಚೀಟಿಗೆ ಬಿಸಿನೀರು ಹಚ್ಚಿ ಕಿತ್ತೆ. ಅಂದಿನಿಂದ ನಾನೂ ಅತ್ತೆಯಂತೆ ಮೂಸಿ ನೋಡಿಯೇ ಅರಿಷಿಣ ಹಾಕುತ್ತೇನೆ.

ಗಿರಿಜಾ ಕಾಯುತ್ತಿದ್ದಳು. ಬಾಟಲಿಯ ಮುಚ್ಚಳ ಹಾಕಿದೆ.

"ಯಾವ ಸಾಲಿ ಇದು?"

"ಬಳಗಾನೂರ ಕಡೇದು ರೀ. ಒಬ್ಬಾಕೀನೇ ಟೀಚರ್ ಅದಾಳ."

"ಟೀಚರ್ ಹೆಸರೇನು?"

"ನಮೂನಿಯೊಳಗ ಹೆಸರು ಕೇಳಿಲ್ರಿ ಅತ್ತೀ."

"ಹೋಗಿ ಆಕಿ ಮುಂದ ಇದನ್ನ ಓದಿ ಬಾ. ಒಂದು ಸಾಲೂ ಬಿಡಬ್ಯಾಡ. ಆಮ್ಯಾಲೆ ಬರದ ಕೊಡ್ತೀನಿ."

"ಅಯ್ಯ, ಮುಖಕ್ಕ ಹೊಡದಂಗ ಆಗಂಗಿಲ್ಲೇನ್ರಿ?"

"ಆಗತೈತಿ. ಅದಕ್ಕೇ ಹೋಗು ಅನ್ನಾಕತ್ತೀನಿ." ಆಮೇಲೆ ಇಷ್ಟನ್ನೂ ಅವಳಿಗೆ ಹೇಳಿದೆ.

ಎರಡು ದಿನ ಗಿರಿಜಾ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿದಳು. ಸಂಜೆ ಬಂದು ಕರಡಿನ ಹಾಳೆಗಳನ್ನು ನನ್ನ ತೊಡೆಯ ಮೇಲೆ ಹಾಕಿದಳು. ಎರಡು ಕಡೆ ಕಾಟು ಹೊಡೆದಿತ್ತು. ಅಂಚಿನಲ್ಲಿ ಬೇರೊಂದು ಕೈಯ ಸಣ್ಣ, ಒತ್ತೊತ್ತಾದ ಅಕ್ಷರಗಳಿದ್ದವು.

"ಆಕೀನೇ ಬರದಾಳ್ರಿ. ಮೊದಲ ಜೋರು ಜಗಳಾನೇ ಆತು. ಆಮ್ಯಾಲೆ ಚಹಾ ಮಾಡಿ ಕುಡಿಸಿದ್ಲು."

ಕನ್ನಡಕ ಹಾಕಿಕೊಂಡೆ. ಅಂಚಿನ ಆ ಸಾಲುಗಳನ್ನು ಮೊದಲು ಓದಿದೆ, ಆಮೇಲೆ ಉಳಿದದ್ದನ್ನೆಲ್ಲ. ಓದಿ ಮುಗಿಸಿದ ಮೇಲೆ ಪೆನ್ನಿಗೆ ಮಸಿ ತುಂಬಿದೆ.